ಕೆಂಪಾಗದ ಅರಿಶಿನ

"ಮೂಗು ಮುಚ್ಕೊಳ್ಳಿ ಮೇಡಂ, ಮೂರು ದಿನದಿಂದ ಇದನ್ನ ಯಾರೂ ತೆಗೆದಿಲ್ಲ," ಎಂದಳು ಫರ್ಹೀನ್, ಇನ್‌ಕ್ಯುಬೇಟರಿನ ಹಿಡಿಗೆ ಕೈ ಹಾಕುತ್ತ.

ಸಬ್ ಇನ್‌ಸ್ಪೆಕ್ಟರ್ ಕಾವ್ಯಶ್ರೀ ಮುಚ್ಚಿಕೊಳ್ಳಲಿಲ್ಲ. ಹೆಣ ಕಂಡ ಮೂಗು ಇದು, ಗಾಜಿನ ತಟ್ಟೆಗೆ ಹೆದರುತ್ತದೆಯೇ ಅನ್ನುವ ಹಮ್ಮು. ಬಾಗಿಲು ತೆರೆದದ್ದೇ ತಡ, ಹಮ್ಮು ಗಂಟಲಲ್ಲೇ ಸಿಕ್ಕಿಕೊಂಡಿತು.

ಒಳಗಿನಿಂದ ಬಂದದ್ದು ಮೈಬಿಸಿಯ ಗಾಳಿ. ಜ್ವರದವರ ಹಾಸಿಗೆಯಿಂದ ಏಳುತ್ತದಲ್ಲ, ಅಂಥದ್ದು. ಹಳಸಿದ ಗಂಜಿ, ಒದ್ದೆ ಕಾಲುಚೀಲ, ಅದರಡಿಯಲ್ಲಿ ತೆಳ್ಳಗೆ ಏನೋ ಸಿಹಿಸಿಹಿ. ಆ ಸಿಹಿಗೆ ಅವಳು ಮುಖ ತಿರುಗಿಸಿದಳು.

"ಥೂ ಥೂ ಥೂ!" ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ನಿಂಗರಾಜು ಕರ್ಚೀಫನ್ನು ಮುಖಕ್ಕೆ ಒತ್ತಿಕೊಂಡ. "ಬೆಕ್ಕು ಹೆಗ್ಗಣ ತಿಂದು ಕಕ್ಕ್‌ಬುಟ್ಟಂಗೆ ಅದಲ್ಲಮ್ಮಿ! ಇದನ್ನ ಸಾಕ್ತೀರಾ ನೀವು? ಬಾಡಿಗೆ ಬ್ಯಾರೆ ಕಟ್ಟಿ?"

"ಬಾಡಿಗೆ ಸಾರ್ ಕಟ್ತಾರೆ," ಎಂದಳು ಫರ್ಹೀನ್. ನಗಲಿಲ್ಲ.

ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಈ ಹುಡುಗಿಯ ದಾದಿ, ಅಂದರೆ ಅಪ್ಪನ ತಾಯಿ, ಎಪ್ಪತ್ತು ದಾಟಿದ ಚಾಂದ್ ಬಿ, ತನ್ನ ಮುಲಾಮಿನಿಂದ ಒಬ್ಬಳ ಕಾಲು ಕೊಳೆಸಿದ ಆರೋಪ ಹೊತ್ತು ಗುಂಡ್ಲುಪೇಟೆ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಮೂರು ಗಂಟೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಬೇರೆ ಸತ್ಯ ಸಿಗದಿದ್ದರೆ ಅಜ್ಜಿ ಅಲ್ಲಿಂದ ಸೀದಾ ಜೈಲಿಗೆ.

ಕಾವ್ಯಶ್ರೀ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಕುಡಿಯಲಾಗಿರಲಿಲ್ಲ ಅನ್ನುವುದೇ ಸರಿ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ನರ್ಸಮ್ಮ, ಕಾಲು ಕೊಳೆತ ಪುಟ್ಟಮಲ್ಲಮ್ಮನ ಪಾದದ ಬಟ್ಟೆ ಬಿಚ್ಚಿದಾಗ ಬಟ್ಟೆಯ ಜೊತೆಗೇ ಏನೋ ಎದ್ದು ಬಂದಿತ್ತು. ಕಪ್ಪು, ಹಸಿರು, ನಡುವೆ ಬೆಳ್ಳಗೆ ಒಂದು ಎಲುಬು. ಸಂಜೆಗೆ ಮೊಣಕಾಲ ಕೆಳಗೆ ತೆಗೆಯುತ್ತಾರಂತೆ. ಭೀಮನಬೀಡಿನ ಆ ಹೆಂಗಸು ಮಾತ್ರ ಕಾಲಿನ ಮಾತು ಆಡಿರಲಿಲ್ಲ.

"ಡಬ್ಬಿ ಮ್ಯಾಲೆ ಚಾಂದ್ ಬಿ ಫೋಟ ಇತ್ತು ಕಣವ್ವ," ಅಂದಿದ್ದಳು. "ಅವಳ ಮದ್ದು ನಮ್ಮತ್ತೆ ಕಾಲದ್ದು. ಕುಡುಗೋಲು ತಾಕಿದ್ರೂ ಅದೇಯ, ಮುಳ್ಳು ಚುಚ್ಚಿದ್ರೂ ಅದೇಯ. ಡಬ್ಬಿ ಮ್ಯಾಲೆ ಲ್ಯಾಬ್ ಮೊಹರು ಬ್ಯಾರೆ ಹಾಕವ್ರೆ, ಇನ್ನೂ ಒಳ್ಳೇದಾಗಿರಬೇಕು ಅಂದ್ಕೊಂಡೆ. ಆಸ್ಪತ್ರೆ ಇಂಜೆಕ್ಷನ್ ಬ್ಯಾಡ ಅಂದ್‌ಬುಟ್ಟೆ."

ಆ ಮೊಹರು ಹಾಕಿದ ಲ್ಯಾಬೇ ಇದು. ಚಾಮರಾಜನಗರದ ಹೊರಗೆ, ಅರಿಶಿನದ ಗೋಡೌನೊಂದರ ಮೇಲಿನ ಮಹಡಿ. ಹೊರಗೆ ಬೋರ್ಡು: ವನಸಾರ ಗಿಡಮೂಲಿಕೆ ಪರೀಕ್ಷಾ ಕೇಂದ್ರ.

ಫರ್ಹೀನ್ ಒಂದು ಪ್ಲೇಟನ್ನು ಬೆಳಕಿಗೆ ಹಿಡಿದಳು. ಅಂಗೈಯಗಲದ ಮುಚ್ಚಳದ ತಟ್ಟೆ. ಒಳಗೆ ಹೆಪ್ಪುಗಟ್ಟಿದ ಜೆಲ್ಲಿ. ಜೆಲ್ಲಿಯ ತುಂಬ ಹಾಲಿನ ಕೆನೆಯಂಥ ಪೊರೆ.

"ಈ ಕೆನೆ ಇದೆಯಲ್ಲ ಮೇಡಂ, ಅದೆಲ್ಲ ಕೀವು ಮಾಡೋ ಬ್ಯಾಕ್ಟೀರಿಯಾ. ಮಧ್ಯ ಇರೋ ಕಾಗದದ ಬಿಲ್ಲೆಗೆ ಮದ್ದಿನ ಸಾರ ಹಾಕಿರ್ತೀವಿ. ಸಾರದಲ್ಲಿ ಶಕ್ತಿ ಇದ್ರೆ ಸುತ್ತ ಇರೋವು ಸಾಯ್ತವೆ. ಕೆನೆ ಇಲ್ಲದ ಉಂಗುರ ಕಾಣುತ್ತೆ. ಉಂಗುರ ದೊಡ್ಡದಾದಷ್ಟೂ ಮದ್ದು ಜೋರು."

ಆ ಪ್ಲೇಟಿನ ಉಂಗುರ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿತ್ತು. ಕೈವಾರ ಹಿಡಿದು ಗೆರೆ ಎಳೆದ ಹಾಗೆ.

"ಇದು ನಿಮ್ಮ ದಾದಿ ಮದ್ದಾ?"

"ಹಾಗಂತ ಬರೆದಿದೆ," ಎಂದಳು ಫರ್ಹೀನ್.

ಕಾವ್ಯಶ್ರೀ ತಿರುಗಿ ಅವಳ ಮುಖ ನೋಡಿದಳು. ಉತ್ತರ ಕೊಟ್ಟ ರೀತಿ ಸರಿಯಿರಲಿಲ್ಲ. ಆದರೆ ಕೇಳುವಷ್ಟರಲ್ಲಿ ಬಾಗಿಲಲ್ಲಿ ಅತ್ತರಿನ ಘಮಲು.

"ಓಹೋ, ಮೇಡಂ! ನಾನಿಲ್ಲದೆ ಶುರು ಮಾಡಿಬಿಟ್ಟಿದ್ದೀರಿ."

ಡಾಕ್ಟರ್ ಬಸವಪ್ರಸಾದ್. ಈ ಕೇಂದ್ರದ ಯಜಮಾನ. ನಲವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಬಿಳಿ ಕೋಟು, ಬಾಚಣಿಗೆಯ ಗೆರೆ ಎಣಿಸಬಹುದಾದ ತಲೆ. ಹಿಂದೆಯೇ ಕಾಫಿ, ಒಂದು ತಟ್ಟೆ ಬಿಸ್ಕತ್ತು ಬಂದವು. ಅವನು ಬಿಸ್ಕತ್ತೊಂದನ್ನು ಕಾಫಿಯಲ್ಲಿ ಅದ್ದಿ, ತೆರೆದ ಇನ್‌ಕ್ಯುಬೇಟರಿನ ಪಕ್ಕದಲ್ಲೇ ನಿಂತು ಚೀಪಿದ. ಕಾವ್ಯಶ್ರೀಗೆ ನಾಲಿಗೆಯಡಿ ಉಪ್ಪುನೀರು ಊರಿತು.

"ತಗೊಳ್ಳಿ ಮೇಡಂ."

"ಬೇಡ. ಪುಟ್ಟಮಲ್ಲಮ್ಮನ ಕಾಲು ನೋಡಿದ್ರಾ ಡಾಕ್ಟ್ರೇ?"

"ಅಯ್ಯೋ, ಪಾಪ! ಕೇಳಿದೆ." ಅವನು ಬೆರಳು ಒರೆಸಿಕೊಂಡ. "ನೋಡಿ, ನನ್ನ ರಿಪೋರ್ಟು ಕ್ಲಿಯರ್. ಚಾಂದ್ ಬಿ ಸ್ಯಾಂಪಲ್ ಕೊಟ್ರು, ನಾವು ಟೆಸ್ಟ್ ಮಾಡಿದ್ವಿ. ಕುಪ್ಪಿಗಿಡ, ಅರಿಶಿನ, ಎರಡೂ ಅದ್ಭುತ. ಅದನ್ನ ನೋಡಿಯೇ ಔಷಧಿ ಕಂಪನಿಯವರು ಡಬ್ಬಿ ಮಾಡಿಸಿದ್ದು. ಆದರೆ ಡಬ್ಬಿಗೆ ತುಂಬೋ ಮುಲಾಮು ಮಾಡೋದು ಆ ಮುದುಕಿ. ಕಣ್ಣಿಗೆ ಪೊರೆ, ಉಗುರಲ್ಲಿ ಕೊಳೆ. ಎಷ್ಟೋ ಸಲ ಹೇಳಿದೆ, ಶುಚಿ ಅನ್ನೋದು ಕೆಲವರ ಮನೇಲಿ ಇರಲ್ಲ ಬಿಡಿ."

ಫರ್ಹೀನ್ ಪ್ಲೇಟನ್ನು ಮೇಜಿನ ಮೇಲಿಟ್ಟ ಸದ್ದು ಸ್ವಲ್ಪ ಜೋರಾಗೇ ಕೇಳಿಸಿತು.

ಕೊಳೆತ ಕಾಲಿನ ವಾಸನೆಯನ್ನಾದರೂ ತಡೆದುಕೊಳ್ಳಬಹುದು, ಅದು ಪಾಪ ತನ್ನ ಕಷ್ಟಕ್ಕೆ ನಾರುತ್ತದೆ. ಈ ಮಾತು ಬಿಸ್ಕತ್ತು ತಿಂದ ಬಾಯಿಂದ ಬಂದಿತ್ತು. ಕಾವ್ಯಶ್ರೀ ಪ್ಲೇಟಿನತ್ತ ಬೆರಳು ತೋರಿಸಿದಳು.

"ಆ ಟೆಸ್ಟ್ ಮಾಡಿದ ಸಾರ ಉಳಿದಿದೆಯಾ?"

"ಇದೆ, ಇದೆ. ನಾವು ಯಾವುದನ್ನೂ ಎಸೆಯಲ್ಲ." ಫ್ರಿಜ್ಜಿನಿಂದ ಹೆಬ್ಬೆರಳುದ್ದದ ಒಂದು ಬಾಟಲಿ ಬಂತು. ಒಳಗೆ ಹಳದಿ ನೀರು. ಚೀಟಿಯಲ್ಲಿ ಚಾಂದ್ ಬಿಯ ಹೆಸರು, ತಾರೀಕು.

ಕಾವ್ಯಶ್ರೀ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಚೀಲದಿಂದ ಪುಟ್ಟಮಲ್ಲಮ್ಮನ ಮನೆಯಲ್ಲಿ ಸಿಕ್ಕ ಅರ್ಧ ಖಾಲಿ ಡಬ್ಬಿ ತೆಗೆದು ಅದನ್ನೂ ಮೂಸಿದಳು. ಡಬ್ಬಿ ಹಸಿಸೊಪ್ಪಿನ ಒಗರು, ಹಸಿ ಅರಿಶಿನದ ಘಾಟು, ಕಮಟು ಬೆಣ್ಣೆ, ಎಲ್ಲ ಕಲಸಿ ಮುಖಕ್ಕೆ ಹೊಡೆಯಿತು. ಬಾಟಲಿಗೆ ಮಾತ್ರ ಯಾವ ವಾಸನೆಯೂ ಇಲ್ಲ.

ಅವಳು ಹರವೆಯ ಕಡೆಯವಳು. ಅರಿಶಿನ ಬೇಯಿಸುವ ಕೊಪ್ಪರಿಗೆಯ ಹಬೆಯಲ್ಲೇ ಓದಿ ಪಾಸಾದವಳು. ಊರಿನಲ್ಲಿ ಮದುಮಕ್ಕಳು ಹೊಸಿಲು ದಾಟುವಾಗ ಆರತಿ ತಟ್ಟೆಗೆ ಅರಿಶಿನದ ನೀರು ಕಲಸಿ, ಅದಕ್ಕೊಂದು ಚಿಟಿಕೆ ಸುಣ್ಣ ಹಾಕುವ ಕೆಲಸ ಚಿಕ್ಕಂದಿನಿಂದ ಅವಳದೇ ಆಗಿತ್ತು.

"ನಿಂಗರಾಜಣ್ಣ, ನಿಮ್ಮ ಸುಣ್ಣದ ಡಬ್ಬಿ ಕೊಡಿ."

ನಿಂಗರಾಜು ಬೆಚ್ಚಿದ. "ಯಾವ ಸುಣ್ಣ ಮೇಡಂ? ಡ್ಯೂಟೀಲಿ ಎಲೆಅಡಿಕೆ ಹಾಕ್‌ಬ್ಯಾಡ ಅಂತ ನೀವು ಅಂದ ಮ್ಯಾಲೆ ನಾನು..."

"ಎಡಗಡೆ ಜೇಬು."

"ಬುಡಿ ಮೇಡಂ, ನಿಮ್ಮ ಕಣ್ಣಿಗೆ ಎಕ್ಸ್‌ರೇ ಕೂರ್‌ಸವ್ರೆ," ಎಂದು ಗೊಣಗುತ್ತ ಡಬ್ಬಿ ತೆಗೆದುಕೊಟ್ಟ.

ಅವಳು ಎರಡು ಗಾಜಿನ ತುಂಡು ಕೇಳಿದಳು. ಒಂದರ ಮೇಲೆ ಡಬ್ಬಿಯ ಮುಲಾಮು ಸವರಿದಳು. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅದಕ್ಕೆ ಉಜ್ಜಿದಳು. ಹಳದಿ ಕಂದಿತು, ಕೇಸರಿಯಾಯಿತು, ನೋಡನೋಡುತ್ತ ರಕ್ತಗೆಂಪಾಗಿ ನಿಂತಿತು.

"ಆರತಿ ನೀರು!" ನಿಂಗರಾಜು ಅಂದ.

ಇನ್ನೊಂದರ ಮೇಲೆ ಬಾಟಲಿಯಿಂದ ಎರಡು ಹನಿ. ಸುಣ್ಣ. ಉಜ್ಜಿದಳು. ಹಳದಿ. ಇನ್ನಷ್ಟು ಸುಣ್ಣ. ಇನ್ನಷ್ಟು ಉಜ್ಜಿದಳು. ಹಳದಿ ಹಳದಿಯಾಗೇ ಉಳಿಯಿತು.

ಕೆಳಗಿನ ಗೋಡೌನಿನಲ್ಲಿ ಯಾರೋ ಮೂಟೆ ಎತ್ತಿಹಾಕಿದ ಸದ್ದು.

"ಇದೇನು ಮೇಡಂ, ಸೈಂಟಿಫಿಕ್ ಟೆಸ್ಟಾ?" ಬಸವಪ್ರಸಾದ್ ನಕ್ಕ. ನಗು ಹಲ್ಲಿನಾಚೆಗೆ ಹೋಗಲಿಲ್ಲ.

"ಅಲ್ಲ ಡಾಕ್ಟ್ರೇ. ನಮ್ಮವ್ವನ ಟೆಸ್ಟು. ಅರಿಶಿನಕ್ಕೆ ಸುಣ್ಣ ತಾಕಿದ್ರೆ ಕೆಂಪಾಗುತ್ತೆ. ನಿಮ್ಮ ರಿಪೋರ್ಟಲ್ಲಿ ಅರಿಶಿನ ಅದ್ಭುತ ಅಂತ ಬರೆದಿದೆ. ಬಾಟಲೀಲಿ ಎಲ್ಲಿ ಅರಿಶಿನ?"

"ಸಾರ ತೆಗೆಯುವಾಗ ಕೆಲವು ಅಂಶ ಸೋಸಿಹೋಗುತ್ತೆ. ಅದು ನಿಮಗೆ ಅರ್ಥವಾಗೋ ವಿಷಯ ಅಲ್ಲ."

"ಅರಿಶಿನ ಸೋಸಿಹೋಗಿ, ಹಳದಿ ಮಾತ್ರ ಉಳೀತಾ?"

ಅವನು ಇನ್ನೊಂದು ಬಿಸ್ಕತ್ತು ಎತ್ತಿಕೊಂಡ. ತುಟಿಯಂಚಿನಲ್ಲಿ ಮೊದಲಿನದರ ಪುಡಿ.

ನಿಂಗರಾಜು ಗಾಜಿನ ತುಂಡಿಗೆ ಮುಖ ತಂದು ಕಣ್ಣು ಕಿರಿದು ಮಾಡಿದ. "ಮೇಡಂ, ಈ ಬಣ್ಣ ನಾನು ಕಂಡಿವ್ನಿ. ನಮ್ಮ ಭಾವಮೈದ ಕೋಳಿ ಫಾರಂ ಇಟ್ಟವ್ನಲ್ಲ, ಕೋಳಿಗೆ ರೋಗ ಬಂದ್ರೆ ನೀರಿಗೊಂದು ಪುಡಿ ಕದಡ್ತಾನೆ. ಥೇಟ್ ಇಂಗೇಯ."

"ಆಂಟಿಬಯೋಟಿಕ್ ಪುಡಿ," ಎಂದಳು ಫರ್ಹೀನ್ ನೆಲ ನೋಡುತ್ತ. "ಅದನ್ನ ಹಾಕಿದ್ರೆ ಉಂಗುರ ಅಷ್ಟು ದೊಡ್ಡದಾಗಿ ಬರುತ್ತೆ."

ಬಸವಪ್ರಸಾದ್ ಅವಳ ಕಡೆ ತಿರುಗಿದ. ಆ ತಿರುಗುವಿಕೆಯಲ್ಲಿ ಒಂದು ಸಲೀಸಿತ್ತು. ಇಂಥ ಹೊತ್ತಿಗೆಂದೇ ಅಭ್ಯಾಸ ಮಾಡಿಟ್ಟುಕೊಂಡವನ ಹಾಗೆ.

"ಕೇಳಿಸ್ಕೊಂಡ್ರಾ ಮೇಡಂ? ಅವಳಿಗೇ ಗೊತ್ತು. ನಾನು ಪ್ಲೇಟ್ ಮುಟ್ಟೋನಲ್ಲ. ಸಾರ ಹಾಕಿದ್ದು ಅವಳು, ಅಳೆದಿದ್ದು ಅವಳು, ರಿಜಿಸ್ಟರಲ್ಲಿ ಸಹಿ ಅವಳದು. ಅಜ್ಜಿ ಮದ್ದು ಗೆಲ್ಲಲಿ ಅಂತ ಏನು ಬೆರೆಸಿದಳೋ ಯಾರಿಗೆ ಗೊತ್ತು? ನಾನು ನಂಬಿ ಮೋಸ ಹೋದೆ. ನಾನೂ ಕಂಪ್ಲೇಂಟ್ ಕೊಡ್ತೀನಿ, ಬರ್ಕೊಳ್ಳಿ."

ಅಜ್ಜಿಯ ಕಣ್ಣಿನ ಪೊರೆ ಆಯಿತು, ಈಗ ಮೊಮ್ಮಗಳ ಸಹಿ. ಮೇಜಿನ ಮೇಲಿದ್ದ ಪ್ಲೇಟಿನೊಳಗಿನ ಕೆನೆಯಾದರೂ ತಾನಿದ್ದ ಜೆಲ್ಲಿಯನ್ನಷ್ಟೇ ತಿನ್ನುತ್ತಿತ್ತು.

"ನಿಂಗರಾಜಣ್ಣ, ಬಾಟಲಿ ಸೀಲ್ ಮಾಡಿ. ರಿಜಿಸ್ಟರ್ ತಗೊಳ್ಳಿ. ಡಾಕ್ಟ್ರನ್ನ ಕರ್ಕೊಂಡೋಗಿ ಕೆಳಗೆ ಜೀಪಲ್ಲಿ ಕೂರಿಸಿ. ಫೋನ್ ಇಸ್ಕೊಳ್ಳಿ."

"ಮೇಡಂ, ನಾನು ಯಾರು ಗೊತ್ತಾ? ಒಂದು ಫೋನ್..."

"ಬನ್ನಿ ಸಾ, ಓಗನ," ಎಂದ ನಿಂಗರಾಜು, ಹಬ್ಬದೂಟಕ್ಕೆ ಕರೆಯುವಷ್ಟು ಮರ್ಯಾದೆಯಿಂದ ತೋಳು ಹಿಡಿದು. "ಫೋನ್ ಮಾಡಕ್ಕೆ ಕೈ ಬೇಕಲ್ಲ, ಮೊದ್ಲು ಬಿಸ್ಕತ್ ಇಳಿಸಿ."

ಬಾಗಿಲು ಮುಚ್ಚಿತು. ಕಾವ್ಯಶ್ರೀ ಇನ್‌ಕ್ಯುಬೇಟರನ್ನೂ ಮುಚ್ಚಿ, ಒಂದು ಸ್ಟೂಲು ಎಳೆದು ಕೂತಳು. ಫರ್ಹೀನ್ ನಿಂತೇ ಇದ್ದಳು. ಇಪ್ಪತ್ತನಾಲ್ಕರ ಹುಡುಗಿ. ಕೋಟಿನ ಜೇಬನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು.

"ಬಾಟಲಿ ಯಾರು ಕೊಟ್ಟಿದ್ದು?"

"ಸಾರ್."

"ಚಿಕ್ಕಂದಿನಿಂದ ಆ ಮದ್ದಿನ ಜೊತೆ ಮಲಗಿ ಎದ್ದವಳು ನೀನು. ನಂಗೇ ಒಂದು ಸಲ ಮೂಸಿದ್ರೆ ಗೊತ್ತಾಯ್ತು. ನಿಂಗೆ ಗೊತ್ತಾಗಲಿಲ್ವಾ?"

"ಮುಚ್ಚಳ ತೆಗೆದಾಗಲೇ ಗೊತ್ತಾಯ್ತು ಮೇಡಂ."

"ಆದರೂ ಹಾಕಿದೆ."

"ಹಾಕಿದೆ. ಮಾರನೇ ದಿನ ಅಷ್ಟು ದೊಡ್ಡ ಉಂಗುರ ನೋಡಿ ಇಲ್ಲೇ ಕೂತು ಅತ್ತೆ. ಸುಳ್ಳು ಅಂತ ಗೊತ್ತಿದ್ದೂ ಅತ್ತೆ. ದಾದಿಗೆ ಫೋನ್ ಮಾಡಿ, ನಿಮ್ಮ ಮದ್ದು ಪಾಸಾಯ್ತು ಅಂದೆ. ಗಲ್ಲಿಗೆಲ್ಲ ಸಕ್ಕರೆ ಹಂಚಿದ್ರಂತೆ."

ಕಾವ್ಯಶ್ರೀಗೆ ಈ ಹುಡುಗಿಯ ಮೇಲೂ ಒಂದು ಕ್ಷಣ ಹೇಸಿಗೆ ಹುಟ್ಟಿತು. ಹೇಸಿಗೆಯ ಗುಣವೇ ಅಷ್ಟು, ಒಂದು ಸಲ ಅಂಟಿದರೆ ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ. ಅವಳು ಅದನ್ನು ಪಕ್ಕಕ್ಕಿಟ್ಟು ಕೇಳಿದಳು:

"ಅದಕ್ಕಿಂತ ಮುಂಚೆ ಏನಾಗಿತ್ತು? ದಾದಿ ಕೊಟ್ಟ ನಿಜವಾದ ಮದ್ದನ್ನ ಟೆಸ್ಟ್ ಮಾಡಿದ್ಯಲ್ಲ?"

ಫರ್ಹೀನ್ ಜೇಬಿನಿಂದ ಮೊಬೈಲು ತೆಗೆದಳು. ಕೊಡಲಿಲ್ಲ. ಎದೆಗೆ ಒತ್ತಿಕೊಂಡಳು.

"ಪ್ಲೇಟ್ ಎಸೆಯೋಕೆ ಹೇಳಿದ್ರು. ಎಸೆಯೋ ಮುಂಚೆ ಫೋಟೋ ತೆಗೆದೆ. ಇದನ್ನ ಕೊಟ್ರೆ ಸಾರ್ ಸಿಕ್ಕಿಬೀಳ್ತಾರೆ ಮೇಡಂ. ಆದ್ರೆ ದಾದಿ..." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ದಾದಿನೂ ಉಳಿಯಲ್ಲ."

"ತೋರಿಸು."

ಗಡಿಯಾರ ಹನ್ನೆರಡೂವರೆ ದಾಟಿತ್ತು. ಗುಂಡ್ಲುಪೇಟೆಗೆ ಒಂದು ಗಂಟೆಯ ದಾರಿ. ಕಾವ್ಯಶ್ರೀ ಗದರಿಸಲಿಲ್ಲ, ಕೈ ಚಾಚಿ ಸುಮ್ಮನೆ ಕೂತಳು. ಕೊನೆಗೆ ಮೊಬೈಲು ಅವಳ ಅಂಗೈಗೆ ಬಂತು, ಬೆವರಿನಿಂದ ಒದ್ದೆಯಾಗಿ.

ಫೋಟೋದಲ್ಲಿ ಅಂಥದೇ ಒಂದು ಪ್ಲೇಟು. ಬಿಲ್ಲೆಯ ಬದಲು ಜೆಲ್ಲಿಯಲ್ಲಿ ಕೊರೆದ ಮೂರು ಗುಳಿ.

"ಮೊದಲನೇ ಗುಳೀಲಿ ಸೊಪ್ಪು ಅರಿಶಿನದ ರಸ ಮಾತ್ರ," ಎಂದಳು ಫರ್ಹೀನ್ ಬೆರಳಿಟ್ಟು. ಸುತ್ತ ಒಂದು ಉಂಗುರ. ಸಣ್ಣದು, ತೆಳ್ಳಗಿನದು, ಆದರೆ ಉಂಗುರವೇ. "ಇಷ್ಟೇ ನಿಜ ಮೇಡಂ. ದಾದಿ ಮದ್ದಲ್ಲಿ ಇಷ್ಟು ಶಕ್ತಿ ಇತ್ತು. ಇಷ್ಟಕ್ಕೆ ಕಂಪನಿಯವರು ಬರಲ್ಲ."

"ಎರಡನೇದು?"

"ರೆಡಿ ಮುಲಾಮು. ದಾದಿ ಕೆಲಸ ಮಾಡೋ ಶೆಡ್ಡಿಂದ ತಂದಿದ್ದು."

ಎರಡನೆಯದರ ಸುತ್ತ ಉಂಗುರವಿರಲಿಲ್ಲ. ಗುಳಿಯೊಳಗಿನಿಂದಲೇ ಬೂದು ಬಣ್ಣದ ಲೋಳೆ ಉಕ್ಕಿ, ಕೆನೆಯ ಮೇಲೆ ಹರಡಿತ್ತು. ಮೂರನೆಯದು ಇನ್ನೂ ಕೆಟ್ಟದು. ಅದರ ಲೋಳೆ ಸುಕ್ಕುಸುಕ್ಕಾಗಿ, ಹಸಿರಾಗಿ, ತಟ್ಟೆಯ ಅಂಚನ್ನೇ ಹತ್ತಿತ್ತು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಂಡ ಹಸಿರು.

"ಮೂರನೇದರಲ್ಲಿ ಏನು ಹಾಕಿದ್ದೆ?"

"ಬರೀ ಬೆಣ್ಣೆ. ಮುಲಾಮಿಗೆ ಕಲಸೋ ಬೆಣ್ಣೆ."

ಆಗ ಹೇಳತೊಡಗಿದಳು. ಚಾಂದ್ ಬಿ ಬೆಣ್ಣೆಯನ್ನು ಹಾಗೇ ಹಾಕುವವಳಲ್ಲ. ತಾಮ್ರದ ತಟ್ಟೆಯಲ್ಲಿಟ್ಟು, ನೀರು ಹುಯ್ದು, ಅಂಗೈಯಲ್ಲಿ ಉಜ್ಜಿ, ನೀರು ಚೆಲ್ಲಿ, ಮತ್ತೆ ನೀರು. ನೂರು ಸಲ. ಪಕ್ಕದಲ್ಲಿ ಪುಟ್ಟ ಫರ್ಹೀನ್ ತಸ್‌ಬಿ ಜಪಮಾಲೆಯ ಮಣಿ ಸರಿಸುತ್ತ ಎಣಿಸಬೇಕು. ಒಂದು ಮಣಿ ತಪ್ಪಿದರೂ ಮೊದಲಿನಿಂದ. ನೂರು ನೀರು ಕಂಡ ಬೆಣ್ಣೆ ಮಲ್ಲಿಗೆಯ ಹಾಗೆ ಬೆಳ್ಳಗೆ, ತಣ್ಣಗೆ. ಅದರಲ್ಲಿ ದೋಷ ಉಳಿಯುವುದಿಲ್ಲ ಅನ್ನುವುದು ಆಕೆಯ ನಂಬಿಕೆ, ಆಕೆಯ ಅತ್ತೆಯ ನಂಬಿಕೆ.

"ಮನೇಲಿ ಮಾಡುವಾಗ ನಮ್ಮ ಹಿತ್ತಲ ಬಾವಿ ನೀರು. ಕಂಪನಿಯವರಿಗೆ ತೋರಿಸೋಕೆ ಅಂತ ಸಾರ್ ಊರಾಚೆ ಶೆಡ್ ಮಾಡಿಕೊಟ್ರು. ಅಲ್ಲಿ ಟ್ಯಾಂಕರ್ ನೀರು, ಮುಚ್ಚಳ ಇಲ್ಲದ ತೊಟ್ಟಿ. ಪಕ್ಕದಲ್ಲೇ ಕೆಲಸದವರ ಕಕ್ಕಸ್ಸು ಗುಂಡಿ. ದಾದಿಗೆ ಕಣ್ಣು ಮಂಜು, ತೊಟ್ಟಿ ಒಳಗೆ ಏನಿದೆ ಅಂತ ಕಾಣಲ್ಲ. ನೂರು ಸಲ ತೊಳೆದ್ರು ಮೇಡಂ. ಒಂದು ಸಲನೂ ತಪ್ಪಿಸಲಿಲ್ಲ."

ನೂರು ಸಲ. ಕಾವ್ಯಶ್ರೀ ಕಣ್ಣು ಮುಚ್ಚಿಕೊಂಡಳು. ಸೋಮಾರಿ ಹೆಂಗಸಾಗಿ ಹತ್ತೇ ಸಲ ತೊಳೆದಿದ್ದರೆ ಅಷ್ಟಾದರೂ ಗಲೀಜು ಕಡಿಮೆಯಾಗುತ್ತಿತ್ತು.

"ಈ ಪ್ಲೇಟ್ ಬಸವಪ್ರಸಾದ್ ನೋಡಿದ್ನಾ?"

"ನಾನೇ ತೋರಿಸಿದೆ. ನೀರಿಂದು ದೋಷ ಸಾರ್, ನೀರು ಬದಲಾಯಿಸೋಣ ಅಂದೆ. ಸ್ವಲ್ಪ ಹೊತ್ತು ನೋಡಿದ್ರು. 'ನಿನ್ನ ಕೈಯಲ್ಲೇ ಕೊಳೆ ಇತ್ತು ಕಣಮ್ಮ, ಎಸಿ ಇದನ್ನ. ನಾಳೆ ನಾನೇ ಬಾಟಲಿ ತಯಾರು ಮಾಡಿ ಕೊಡ್ತೀನಿ' ಅಂದ್ರು. ಆಮೇಲೆ ಕೈ ತೊಳ್ಕೊಂಡು ಊಟಕ್ಕೆ ಹೋದ್ರು."

ಅಂದರೆ ಅವನಿಗೆ ಗೊತ್ತಿತ್ತು. ನೀರು ಬದಲಿಸುವ ಬದಲು ಬಾಟಲಿ ಬದಲಿಸಿದ. ಡಬ್ಬಿಗಳು ತುಂಬುತ್ತಲೇ ಹೋದವು, ಮುದುಕಿಯ ನಗುಮುಖ ಅಂಟಿಸಿಕೊಂಡು. ಕಾವ್ಯಶ್ರೀ ಎದ್ದು ಸಿಂಕಿನ ಹತ್ತಿರ ಹೋದಳು. ವಾಂತಿ ಬರಲಿಲ್ಲ, ಹುಳಿನೀರು ಮಾತ್ರ ಬಂತು. ಬಾಯಿ ಮುಕ್ಕಳಿಸಲು ನಲ್ಲಿ ತಿರುಗಿಸಿದವಳು, ಯಾವ ನೀರೋ ಏನೋ ಎಂದು ಹಾಗೇ ನಿಲ್ಲಿಸಿದಳು.

"ಫರ್ಹೀನ್, ಈ ಫೋಟೋ ನನಗೆ ಬೇಕು. ದಾದಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು ಅನ್ನೋದಕ್ಕೆ ಇದೊಂದೇ ಸಾಕ್ಷಿ. ನಿನ್ನ ಸಹಿ ವಿಷಯ ನೀನೇ ನ್ಯಾಯಾಧೀಶರ ಮುಂದೆ ಹೇಳಬೇಕಾಗುತ್ತೆ. ಹೇಳ್ತೀಯಾ?"

ಹುಡುಗಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ನನ್ನನ್ನ ಹಾಕ್ಲಿ ಜೈಲಿಗೆ. ಆದ್ರೆ ಅವರ ಬೆಣ್ಣೆ ಗಲೀಜು ಅಂತ ದಾದಿಗೆ ನೀವು ಹೇಳ್ಬೇಡಿ ಮೇಡಂ. ನಾನೇ ಹೇಳ್ತೀನಿ, ಹತ್ತಿರ ಕೂತು."

"ಆಯ್ತು, ನೀನೇ ಹೇಳು."

ಕಾವ್ಯಶ್ರೀ ಠಾಣೆಗೆ ಫೋನು ಹಚ್ಚಿದಳು. ಒಂದೇ ರಿಂಗಿಗೆ ರೈಟರ್ ಸೋಮೇಶ್ ಎತ್ತಿದ.

"ಸೋಮೇಶ್, ಕೇಳಿ. ಚಾಂದ್ ಬಿ ಶೆಡ್ಡಿಂದ ಜಪ್ತಿ ಮಾಡಿದ ಡಬ್ಬಿಗಳನ್ನ ಬೀರುವಿಗೆ ಹಾಕಿ ಬೀಗ ಹಾಕಿ. ಯಾರೂ ಮುಟ್ಟಬಾರದು. ನಾನು ಬರೋತನಕ ಅಜ್ಜೀನ ಕೋರ್ಟಿಗೂ..."

"ಮೇಡಂ," ಸೋಮೇಶ ನಡುವೆಯೇ ಬಾಯಿ ಹಾಕಿದ. "ನಾನೇ ಫೋನ್ ಮಾಡನ ಅಂತಿದ್ದೆ. ಇಲ್ಲೊಂದು ಎಡವಟ್ಟಾಗೋಗದೆ."

"ಏನು?"

"ಪಂಚನಾಮೆ ಬರೀತಿದ್ದೆ. ಇದು ನೀನು ಮಾಡಿದ್ದೇನಾ ನೋಡಜ್ಜಿ ಅಂತ ಒಂದು ಡಬ್ಬಿ ಕೈಗೆ ಕೊಟ್ಟೆ. ಮೂಸಿ ನೋಡಿ ಹೂಂ ನಂದೇ ಅಂದ್ಲು. ಹೊರಗಡೆ ಜನ ಸೇರವ್ರೆ, ಯಾರೋ ಕಿಟಕೀಲಿ ನಿಂತು 'ಕೊಳೆತ ಮದ್ದಿನ ಮುದ್ಕಿ' ಅಂತ ಕೂಗ್ದ. ಅಷ್ಟೇ ಮೇಡಂ. ಟಪಾಲು ಕವರು ಕೊಯ್ಯೋ ಬ್ಲೇಡ್ ಮೇಜಿನ ಮ್ಯಾಲಿತ್ತು. ಎತ್ಕೊಂಡು ಸರಕ್ಕನೆ ಎಡಗೈ ಕುಯ್ಕೊಂಡ್‌ಬುಟ್ಲು. ಆಳವಾಗೇ ಕುಯ್ಕೊಂಡವ್ಳೆ. ಆಮೇಲೆ ಆ ಡಬ್ಬೀಗೇ ಬೆರಳು ಹಾಕಿ..."

ಕಾವ್ಯಶ್ರೀ ಸ್ಪೀಕರ್ ಒತ್ತಿರಲಿಲ್ಲ. ಆದರೂ ಫೋನಿನಾಚೆಯ ಮುದಿದನಿ ಕೋಣೆಯಲ್ಲೆಲ್ಲ ಕೇಳಿಸಿತು. ಹೆದರಿಕೆಯ ಸುಳಿವೂ ಇಲ್ಲದ, ಬಡಿವಾರದ ದನಿ: "ಬೋಲ್ ಬೇಟಾ, ನಿಮ್ಮ ಮೇಡಮ್‌ಗೆ ಹೇಳು! ಮೂರು ದಿನ ನನ್ನ ಕೈ ನೋಡ್ಲಿ. ವಾಸಿ ಆದ್ರೆ ಬಿಡ್ಲಿ, ಕೊಳೆತ್ರೆ ಜೈಲಿಗೆ ಹಾಕ್ಲಿ. ನೂರು ನೀರಲ್ಲಿ ತೊಳ್ದಿದ್ದೀನಿ ನಾನು!"

"ತೊಳೀರಿ!" ಕಾವ್ಯಶ್ರೀ ಕಿರುಚಿದಳು. "ಸೋಮೇಶ್, ಸೋಪು ಹಾಕಿ ಈಗಲೇ ತೊಳೀರಿ, ಆಸ್ಪತ್ರೆಗೆ ಎತ್ಕೊಂಡೋಗಿ!"

"ಮುಟ್ಟಕ್ಕೆ ಬುಡ್ತಿಲ್ಲ ಮೇಡಂ. ಸೆರಗು ಸುತ್ಕೊಂಡು, ಕೈನ ಎದೆಗವಚ್ಕೊಂಡು ಕೂತವ್ಳೆ. ಹತ್ರ ಹೋದ್ರೆ ಬ್ಲೇಡ್ ತೋರಿಸ್ತಾಳೆ."

ಫರ್ಹೀನ್ ಕಾವ್ಯಶ್ರೀಯ ತೋಳು ಹಿಡಿದುಕೊಂಡಳು.

"ಮೇಡಂ," ಎಂದಳು. "ದಾದಿಗೆ ಸಕ್ಕರೆ ಕಾಯಿಲೆ ಇದೆ."